ಕುಡಿಯೋ, ಗೊಂಚಲೋ: ತಿಕೋಟಾದ ದ್ರಾಕ್ಷಿ ಚಪ್ಪರದ ಕೆಳಗೆ

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟು ತಿಕೋಟಾ ಸಮೀಪಿಸಿದಂತೆ ರಸ್ತೆಯ ಎರಡೂ ಬದಿಗೆ ಕಬ್ಬಿಣದ ಆ್ಯಂಗಲ್, ತಂತಿ, ಅದರ ಮೇಲೆ ಹಬ್ಬಿದ ಬಳ್ಳಿ. ನವೆಂಬರ್ ಕೊನೆ. ಕಾಯಿ ಸಾಬೂದಾಣಿಗಿಂತ ತುಸು ದಪ್ಪವಾಗಿದೆ. ಚಪ್ಪರದ ಕೆಳಗೆ ಬಗ್ಗಿಕೊಂಡೇ ನಡೆಯಬೇಕು. ತಲೆ ಎತ್ತಿದರೆ ಗೊಂಚಲು ಹಣೆಗೆ ತಾಗುತ್ತದೆ.

ಕೂಲಿಯವರು ಪ್ಲಾಸ್ಟಿಕ್ ಮಗ್ ಹಿಡಿದು ಒಂದೊಂದೇ ಗೊಂಚಲನ್ನು ಅದ್ದುತ್ತ ಸಾಗಿದ್ದಾರೆ. ಮಗ್ಗಿನಲ್ಲಿರುವುದು ಜಿಬ್ಬರೆಲಿಕ್ ಆಮ್ಲ. ಇಲ್ಲಿ ಎಲ್ಲರ ಬಾಯಲ್ಲೂ ಅದು ‘ಜಿ.ಎ.’. ಪುಡಿ ನೀರಿನಲ್ಲಿ ಸುಲಭಕ್ಕೆ ಕರಗದು, ಮೊದಲು ಅಸಿಟೋನಿನಲ್ಲಿ ಕರಗಿಸಿಕೊಳ್ಳುತ್ತಾರೆ. ನೂರು ಲೀಟರಿಗೆ ನಾಲ್ಕು ಗ್ರಾಂ ಬೆರೆಸಿದರೆ 40 ಪಿಪಿಎಂ. ಇಷ್ಟು ಕಡಿಮೆ ವಸ್ತು ಕಾಯಿಯ ಗಾತ್ರವನ್ನೇ ಬದಲಿಸುತ್ತದೆ.

ಥಾಮ್ಸನ್ ಸೀಡ್‌ಲೆಸ್‌ ಎಂಬ ದ್ರಾಕ್ಷಿ ತಳಿಯಲ್ಲಿ ಬೀಜ ರೂಪುಗೊಳ್ಳತೊಡಗುವುದು ನಿಜ, ಆದರೆ ಎಳೆಯದರಲ್ಲೇ ಸಾಯುತ್ತದೆ. ಕಾಯಿಗೆ ಜಿಬ್ಬರೆಲಿನ್ ಹಾರ್ಮೋನು (ಜಿ.ಎ. ಅದರದೇ ಒಂದು ರೂಪ) ಒದಗಿಸಬೇಕಾದ ಬೀಜವೇ ಇಲ್ಲದ ಮೇಲೆ ಕಾಯಿ ಸಣ್ಣದಾಗಿಯೇ ಉಳಿಯುತ್ತದೆ. ಆ ಕೊರತೆ ತುಂಬುವುದಕ್ಕೇ ಈ ಮಗ್ಗು. ಜೀವಕೋಶದೊಳಗೆ ಬೆಳವಣಿಗೆಯನ್ನು ತಡೆದು ಹಿಡಿದಿರುವ ‘ಡೆಲ್ಲಾ’ ಪ್ರೋಟೀನುಗಳಿವೆ. ಜಿಬ್ಬರೆಲಿನ್ ಬಂದರೆ ಅವು ನಾಶವಾಗುತ್ತವೆ, ಬ್ರೇಕ್ ಬಿಟ್ಟ ಗಾಡಿಯಂತೆ ಕೋಶ ಹಿಗ್ಗುತ್ತದೆ. ಈ ರಾಸಾಯನಿಕದ ಸುಳಿವು ಸಿಕ್ಕಿದ್ದು ಭತ್ತದ ರೋಗವೊಂದರಿಂದ. ಪೈರು ಅತಿಯಾಗಿ ಉದ್ದವಾಗಿ ಬಿದ್ದುಹೋಗುತ್ತಿತ್ತು. ಅದಕ್ಕೆ ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣವೆಂದು 1926ರಲ್ಲಿ ತೋರಿಸಿದವರು ಜಪಾನಿನ ಎಯಿಚಿ ಕುರೊಸಾವಾ.

ಅದ್ದುವುದನ್ನು ಕಣ್ಣಳತೆಯಲ್ಲೇ ಕಾಯುತ್ತಿದ್ದ ತೋಟದ ಯಜಮಾನರು ಹೇಳಿದರು: “ಔಷಧ ಎಲ್ಲಾರ ಹಂತೇಕನೂ ಒಂದ ಐತ್ರೀ. ಟೈಮ್ ತಪ್ಪಿದ್ರ ಮುಗೀತ ನೋಡ್ರಿ.”

ಆ ಮಾತಿನ ತೂಕ ತಿಳಿಯಬೇಕಾದರೆ ಏಪ್ರಿಲ್‌ಗೆ ಹೋಗಬೇಕು. ಇಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ. ಏಪ್ರಿಲ್ ಚಾಟ್ನಿ ಹೊಸ ಕಡ್ಡಿಗಾಗಿ, ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಆದರೆ ಗೊಂಚಲಿನ ಭವಿಷ್ಯ ತೀರ್ಮಾನವಾಗುವುದು ಬೇಸಿಗೆಯಲ್ಲೇ, ಹೊಸ ಕಡ್ಡಿಯ ಕಣ್ಣಿನೊಳಗೆ. ಅಲ್ಲಿ ಹುಟ್ಟುವ ಒಂದು ಪುಟ್ಟ ಗಂಟು ತಂತಿಗೆ ಸುತ್ತಿಕೊಳ್ಳುವ ಕುಡಿಯೂ ಆಗಬಹುದು, ಗೊಂಚಲೂ ಆಗಬಹುದು. ಜಿಬ್ಬರೆಲಿನ್ ಹೆಚ್ಚಾದರೆ ಕುಡಿ. ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಮೇಲುಗೈ ಪಡೆದರೆ ಗೊಂಚಲು. ನವೆಂಬರಿನಲ್ಲಿ ಕಾಯಿಯನ್ನು ಉಬ್ಬಿಸುವ ಹಾರ್ಮೋನೇ ಮೇ ತಿಂಗಳಲ್ಲಿ ಬೆಳೆಯನ್ನು ತಿಂದುಹಾಕೀತು! ಹಾರ್ಮೋನು ಆಜ್ಞೆಯಲ್ಲ, ಸುದ್ದಿ. ಕೇಳಿಸಿಕೊಳ್ಳುವ ಅಂಗ ಯಾವುದು, ಅದರ ವಯಸ್ಸೆಷ್ಟು ಎನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಪಠ್ಯಪುಸ್ತಕಗಳ ‘ಹಾರ್ಮೋನ್–ಕೆಲಸ’ ಎಂಬ ಎರಡು ಕಾಲಂ ಪಟ್ಟಿ ಈ ಚಪ್ಪರದ ಕೆಳಗೆ ಹೆಚ್ಚು ಹೊತ್ತು ನಿಲ್ಲದು.

ಹಾಗಾಗಿಯೇ ಬೇಸಿಗೆಯಲ್ಲಿ ಬಳ್ಳಿಯ ಓಟ ತಡೆಯಲು ‘ಸಿ.ಸಿ.ಸಿ.’ ಹೊಡೆಯುವ ರೂಢಿ ಬಂತು. ಅದು ಜಿಬ್ಬರೆಲಿನ್ ತಯಾರಾಗುವುದನ್ನೇ ಕುಗ್ಗಿಸುವ ಕ್ಲೋರ್‌ಮೆಕ್ವಾಟ್. 2010ರಲ್ಲಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾದದ್ದು ಇದರ ಶೇಷಾಂಶದಿಂದ. ಪೇಟೆಯಲ್ಲಿ ‘ಹಾರ್ಮೋನ್ ಹಣ್ಣು’ ಎಂದು ಜಿ.ಎ.ಗೆ ಹೆದರುವವರನ್ನು ಕಂಡಿದ್ದೇನೆ. ಅದು ಗಿಡಗಳು ತಾವೇ ತಯಾರಿಸಿಕೊಳ್ಳುವ ವಸ್ತು. ನಾನಾದರೆ ಕೇಳುವ ಪ್ರಶ್ನೆ ಶೇಷಾಂಶದ್ದು.

ಸಾಲಿನ ತುದಿಯಲ್ಲಿ ಅಕ್ಟೋಬರಿನ ಕತ್ತರಿ ಬಿದ್ದ ಕಡ್ಡಿಗಳು ಸಿಕ್ಕವು. ತುದಿ ಇದ್ದಷ್ಟು ಕಾಲ ಅಲ್ಲಿಂದ ಇಳಿಯುವ ಆಕ್ಸಿನ್ ಹಾರ್ಮೋನು ಕೆಳಗಿನ ಕಣ್ಣುಗಳನ್ನು ಮಲಗಿಸಿರುತ್ತದೆ. ತುದಿ ಹೋದರೆ ಅವು ಏಳುತ್ತವೆ. ಆದರೂ ಒಟ್ಟಿಗೇ ಏಳಲೆಂದು ಹೈಡ್ರೋಜನ್ ಸಯನಮೈಡ್ ಸವರುತ್ತಾರೆ. ಅದು ಹಾರ್ಮೋನಲ್ಲ, ಕೈಗವಸಿಲ್ಲದೆ ಮುಟ್ಟುವಂಥದ್ದೂ ಅಲ್ಲ.

ಹೊರಬರುವಾಗ ಡ್ರಿಪ್ ಪೈಪು ಕಟ್ಟಿಕೊಂಡಿದ್ದ ಸಾಲೊಂದರಲ್ಲಿ ಎಲೆಗಳು ಸೊರಗಿದ್ದವು. ನೀರು ಸಾಲದಾದಾಗ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚಿ ಎಲೆಯ ಪತ್ರರಂಧ್ರಗಳು ಮುಚ್ಚುತ್ತವೆ. ತೇವ ಉಳಿಯುತ್ತದೆ, ಸಕ್ಕರೆ ತಯಾರಿಕೆ ಕುಸಿಯುತ್ತದೆ. ವಿಚಿತ್ರವೆಂದರೆ, ಕೆಲವು ವಾರಗಳ ಬಳಿಕ ಕಾಯಿ ಮೆತ್ತಗಾಗಿ ಸಿಹಿ ತುಂಬಲು ಶುರುವಾಗುವಾಗ ಕಾಯಿಯಲ್ಲಿ ಏರುವುದೂ ಇದೇ ಆಮ್ಲ. ಬಾಳೆ, ಮಾವಿನಂತೆ ಕೊಯ್ದ ಮೇಲೆ ಎಥಿಲಿನ್ ಅನಿಲದಲ್ಲಿಟ್ಟು ದ್ರಾಕ್ಷಿಯನ್ನು ಮಾಗಿಸಲಾಗದು. ಆಗುವುದೆಲ್ಲ ಬಳ್ಳಿಯ ಮೇಲೆಯೇ. ಫೆಬ್ರುವರಿಯಲ್ಲಿ ಸಂತೆಯಿಂದ ಹುಳಿ ಗೊಂಚಲು ತಂದರೆ, ಅಕ್ಕಿ ಡಬ್ಬಿಯಲ್ಲಿಟ್ಟು ಕಾದರೂ ಹುಳಿಯೇ.