ಬಾಯೊಳಗಿನ ಕಾಣದ ಲೋಕ

ಕನ್ನಡಿಯ ಮುಂದೆ ನಿಂತು ಒಮ್ಮೆ ಬಾಯಿ ತೆರೆಯಿರಿ. ಕಾಣುವುದು ಹಲ್ಲು, ನಾಲಿಗೆ, ಒಸಡು ಮಾತ್ರ. ಆದರೆ ಮನುಷ್ಯರ ಬಾಯಿಯಲ್ಲಿ ವಾಸಿಸುವ 700ರಷ್ಟು ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಲಾಗಿದೆ. 1683ರಲ್ಲಿ ಹಾಲೆಂಡಿನ ಲೀವೆನ್‌ಹುಕ್ ತನ್ನದೇ ಹಲ್ಲಿನ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಇವು ಓಡಾಡುವುದನ್ನು ಕಂಡು ಬೆರಗಾಗಿದ್ದರು.

ಇವೆಲ್ಲವೂ ಶತ್ರುಗಳಲ್ಲ. ನಾಲಿಗೆಯ ಮೇಲಿರುವ ಕೆಲವು, ಸೊಪ್ಪು ಮತ್ತು ಬೀಟ್‌ರೂಟ್‌ನಲ್ಲಿನ ನೈಟ್ರೇಟನ್ನು ಮಾರ್ಪಡಿಸಿ ರಕ್ತನಾಳಗಳು ಸಡಿಲಗೊಳ್ಳಲು ನೆರವಾಗುತ್ತವೆ. ಆದ್ದರಿಂದ ವೈದ್ಯರು ಹೇಳದೆ ಕೀಟಾಣುನಾಶಕ ಮೌತ್‌ವಾಶ್ ಅನ್ನು ದಿನವೂ ಬಳಸಬೇಡಿ.

ತೊಂದರೆ ಕೊಡುವುದು ಸಿಹಿ. ಸ್ಟ್ರೆಪ್ಟೋಕಾಕಸ್ ಮ್ಯುಟಾನ್ಸ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯಿಂದ ಆಮ್ಲ ತಯಾರಿಸುತ್ತದೆ. ಆ ಆಮ್ಲ ಹಲ್ಲಿನ ಎನಾಮಲನ್ನು ಕರಗಿಸುತ್ತದೆ. ಜೊಲ್ಲು ಅದನ್ನು ತೊಳೆಯುತ್ತದೆ, ಆದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಹಲ್ಲು ಬೇಗ ಹುಳುಕಾಗುವುದು ಇದರಿಂದಲೇ.

ಒಸಡಿನಲ್ಲಿ ರಕ್ತ ಕಂಡರೆ ಉದಾಸೀನ ಬೇಡ. ಒಸಡಿನ ಸೋಂಕಿದ್ದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದು ಕಷ್ಟ. ಹೃದಯದ ಕವಾಟದಲ್ಲಿ ದೋಷವಿರುವವರಿಗೆ, ರಕ್ತ ಸೇರಿದ ಬ್ಯಾಕ್ಟೀರಿಯಾ ಪ್ರಾಣಕ್ಕೇ ಅಪಾಯ ತರಬಹುದು.

ಬೆಳಗ್ಗೆ ಮತ್ತು ಮಲಗುವ ಮುನ್ನ 2 ನಿಮಿಷ ಫ್ಲೋರೈಡ್ ಪೇಸ್ಟ್‌ನಿಂದ ಹಲ್ಲುಜ್ಜಿ. ರಮಝಾನಿನಲ್ಲಿ ಸಹರಿ ಮುಗಿಸಿದ ಮೇಲೂ ಇದನ್ನು ಮರೆಯಬೇಡಿ. ನೋವು ಬರುವ ತನಕ ಕಾಯದೆ ದಂತವೈದ್ಯರನ್ನು ಕಾಣಿರಿ.