ಗೋಡೆ ಒಂದು, ಮನೆ ಎರಡು

ದಾವಣಗೆರೆ ವಿದ್ಯಾನಗರದ ಕೆಲವು ಮನೆಗಳಿಗೆ ನಾನು ನೇರವಾಗಿ ಅಕ್ಕಿ ಕೊಡ್ತೀನಿ. ಮೂಟೆ ಒಯ್ಯುವ ಹೊಸ ಹುಡುಗನಿಗೆ ತಿಳಿಯಲೆಂದು ಆ ಮನೆಸಾಲನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಬರೆದೆ. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಅದು. ಆತುರಕ್ಕೆ ನಾಲ್ಕೂ ಮನೆ ಸೇರಿಸಿ ಒಂದೇ ಚೌಕ ಎಳೆದಿದ್ದೆ. ನಡುವಿನ ಸಂದಿಯೇ ಮಾಯ! ಹಿಂದಿನ ಮನೆಯ ಮೂಟೆ ಹೊತ್ತ ಹುಡುಗ ಇಡೀ ಬೀದಿ ಸುತ್ತಿದ.

ಮತ್ತೆ ಕೂತು ತಿದ್ದಿದೆ. ನಮ್ಮ ಹೊಲದ ಬದು ನೆನೆಸಿಕೊಳ್ಳಿ. ಹೊಲ ಎರಡಾದರೂ ನಡುವಿನ ಬದು ಒಂದೇ. ಹಾಗೇ ಗೋಡೆ ಅಂಟಿದ ಮನೆಗಳಿಗೆ ಆ ಕಡೆಯ ಮೂಲೆಚುಕ್ಕಿಗಳು ಎರಡಕ್ಕೂ ಒಂದೇ ಇರಬೇಕು. ಬೇರೆ ಬೇರೆ ಇಟ್ಟರೆ ಇಲ್ಲದ ಸಂದಿ ಬೀಳುತ್ತದೆ, ಇಲ್ಲವೇ ಮನೆ ಮೇಲೆ ಮನೆ ಏರುತ್ತದೆ. ನಿಜವಾಗಿ ಎರಡಡಿ ಸಂದಿ ಇದ್ದರೂ ಚುಕ್ಕಿ ಸೇರಿಸಬೇಡಿ.

ಇನ್ನು ಉಪಗ್ರಹ ಚಿತ್ರದ ಮೋಸ. ಓರೆಯಾಗಿ ತೆಗೆದಿದ್ದರೆ ಎತ್ತರದ ಮನೆ ವಾಲಿದ ಹಾಗೆ ಕಾಣ್ತದೆ. ತಾರಸಿಯ ಆಕಾರ ಬರೆದು, ಇಡಿಯಾಗಿ ಬುಡಕ್ಕೆ ಸರಿಸಿ, ಪಕ್ಕದ ಮನೆಗೆ ಆಮೇಲೆ ಅಂಟಿಸಿ.

ಅನುಮಾನ ಬಂದ ಕಡೆ ಅಕ್ಕಿ ಕೊಡಲು ಹೋದಾಗ ನಿಂತು ನೋಡಿದೆ. "ಏನ್ ಅಳೀತಿದೀರಿ, ಕಂದಾಯ ಏರಿಸ್ತೀರೇನು?" ಅಂದರು ಒಬ್ಬ ಅಜ್ಜಿ! ಸಂದಿಯನ್ನು ಕಾಲುದಾರಿಯಾಗಿ ಬೇರೆ ಗೆರೆ ಎಳೆದಿದ್ದೇನೆ. ಹುಡುಗ ಈಗ ಅದರಲ್ಲೇ ಹೋಗ್ತಾನೆ.