ದಿಲ್ಲಿಯ ಅಂಕಿ, ನಮ್ಮ ಅಡುಗೆಮನೆಯ ಲೆಕ್ಕ

ಪ್ರತೀ ತಿಂಗಳ 12ನೇ ತಾರೀಕಿನ ಆಸುಪಾಸು ದಿಲ್ಲಿಯಿಂದ ಒಂದು ಅಂಕಿ ಬರುತ್ತದೆ. ದೇಶದ ಹಣದುಬ್ಬರ ಶೇಕಡಾ ಇಷ್ಟು ಅಂತ. ಅರ್ಥಶಾಸ್ತ್ರಜ್ಞರು ಟಿವಿಯಲ್ಲಿ ಕುಳಿತು ಅದನ್ನು ವಿವರಿಸುತ್ತಾರೆ. ನಮ್ಮ ಮನೆಗಳಲ್ಲಿ ಅದನ್ನು ಕೇಳುವವರು ಕಡಿಮೆ. ಕೇಳಿದ ಉಮ್ಮಂದಿರೂ ‘ಇವರು ಯಾವ ಅಂಗಡಿಗೆ ಹೋಗ್ತಾರೋ’ ಎಂದು ಸುಮ್ಮನಾಗುತ್ತಾರೆ. ಆದರೆ ಇದು ನಕ್ಕು ಬಿಟ್ಟುಬಿಡುವ ಮಾತಲ್ಲ. ಯಾವ ಅಂಗಡಿ, ಯಾರ ಅಡುಗೆಮನೆ, ಯಾವಾಗಿನ ದರಕ್ಕೆ ಹೋಲಿಸಿದ್ದು ಎಂದು ಕೇಳಲು ಕಲಿತರೆ ಅರ್ಥಶಾಸ್ತ್ರದ ಅರ್ಧ ಪಾಠ ಮುಗಿಯಿತು.

2025ರ ಅಕ್ಟೋಬರ್ ತಿಂಗಳನ್ನೇ ನೋಡೋಣ. ಆ ತಿಂಗಳು ದೇಶದ ಹಣದುಬ್ಬರ ಬರೀ ಶೇ. 0.25. ಅಂದರೆ ಬೆಲೆಗಳು ಹೆಚ್ಚುಕಡಿಮೆ ನಿಂತಲ್ಲೇ ನಿಂತಿವೆ ಎಂದು ಲೆಕ್ಕ. ಅದೇ ತಿಂಗಳು ನಮ್ಮ ಪಕ್ಕದ ಕೇರಳದಲ್ಲಿ ಅದು ಶೇ. 8.56, ಆಗ ದೇಶದಲ್ಲೇ ಹೆಚ್ಚು. ತಲಪಾಡಿ ಗಡಿಯ ಆಚೆ ಒಂದು ಅಂಕಿ, ದೇಶಕ್ಕೆಲ್ಲ ಬೇರೆ ಅಂಕಿ. ಎರಡೂ ಸರ್ಕಾರದ್ದೇ ಲೆಕ್ಕ, ಎರಡೂ ಸುಳ್ಳಲ್ಲ.

ದರ ಬೇರೆ, ದರ ಏರುವ ವೇಗ ಬೇರೆ

ಹಣದುಬ್ಬರ ಇಳಿಯಿತು ಅಂದರೆ ಸಾಮಾನು ಅಗ್ಗವಾಯಿತು ಅಂತ ಅರ್ಥ ಅಲ್ಲ. ಬೆಲೆ ಏರುವ ವೇಗ ಕಡಿಮೆಯಾಯಿತು, ಅಷ್ಟೆ. ಒಂದು ಲೀಟರ್ ಎಣ್ಣೆ 200 ರೂಪಾಯಿಯಿಂದ 400ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಆ ವರ್ಷ ಏರಿಕೆ ಶೇ. 100. ಮುಂದಿನ ವರ್ಷವೂ 400ರಲ್ಲೇ ನಿಂತರೆ ಏರಿಕೆ ಸೊನ್ನೆ. ಅರ್ಥಶಾಸ್ತ್ರಜ್ಞರು ‘ಏರಿಕೆ ಇಲ್ಲ’ ಅನ್ನುತ್ತಾರೆ. ನಾವು ಮಾತ್ರ 400 ಕೊಟ್ಟೇ ಎಣ್ಣೆ ತರಬೇಕು.

ಹೋಲಿಕೆ ಕಳೆದ ತಿಂಗಳಿನ ಜೊತೆ ಅಲ್ಲ, ಕಳೆದ ವರ್ಷದ ಇದೇ ತಿಂಗಳಿನ ಜೊತೆ. ಇದಕ್ಕೆ ಕಾರಣ ಏನೆಂದು ಕರಾವಳಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬಂಗುಡೆ, ಬೂತಾಯಿ ದರ ಏರುವುದು ಮಾಮೂಲು. ಮೇ ತಿಂಗಳಿಗೆ ಜೂನ್ ಹೋಲಿಸಿದರೆ ಪ್ರತೀ ವರ್ಷ ಗಾಬರಿಯಾಗಬೇಕಾಗುತ್ತದೆ. ಜೂನ್‌ಗೆ ಜೂನ್ ಹೋಲಿಸಿದರೆ ನಿಜವಾದ ಏರಿಕೆ ಎಷ್ಟು ಎಂದು ಗೊತ್ತಾಗುತ್ತದೆ.

ಈ ವಿಧಾನದಲ್ಲಿ ಇನ್ನೊಂದು ವಿಷಯವೂ ಇದೆ. 2024ರ ಅಕ್ಟೋಬರ್‌ನಲ್ಲಿ ತರಕಾರಿ ದರ ವಿಪರೀತ ಏರಿ ಹಣದುಬ್ಬರ ಶೇ. 6.21 ಆಗಿತ್ತು. ಆ ಎತ್ತರದಿಂದ ನೋಡಿದಾಗ 2025ರ ಅಕ್ಟೋಬರ್ ತಗ್ಗಾಗಿ ಕಂಡಿತು. ಸೆಪ್ಟಂಬರ್ 22ರಿಂದ ಜಿಎಸ್‌ಟಿ ಇಳಿದದ್ದೂ ಸೇರಿಕೊಂಡಿತು.

ಯಾರ ಚೀಲದ ಲೆಕ್ಕ?

ಸರ್ಕಾರ ದರ ಲೆಕ್ಕ ಹಾಕುವುದು ಒಂದು ಕಾಲ್ಪನಿಕ ಚೀಲದ ಮೇಲೆ. ದೇಶದ ಕುಟುಂಬಗಳು ಯಾವ ಸಾಮಾನಿಗೆ ಎಷ್ಟು ಖರ್ಚು ಮಾಡುತ್ತವೆ ಎಂದು ಸಮೀಕ್ಷೆ ಮಾಡಿ ಪ್ರತಿಯೊಂದಕ್ಕೂ ಒಂದು ತೂಕ ಕೊಡುತ್ತಾರೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ 2012ರ ಆಧಾರದ ಸೂಚ್ಯಂಕದಲ್ಲಿ ಆಹಾರ, ಪಾನೀಯಕ್ಕೆ 100ರಲ್ಲಿ 45.86ರಷ್ಟು ತೂಕ ಇತ್ತು. ಹಳ್ಳಿಗೆ 54.18, ಪಟ್ಟಣಕ್ಕೆ 36.29.

ಉತ್ತರದಲ್ಲಿ ಗೋಧಿ, ಸಾಸಿವೆ ಎಣ್ಣೆ. ನಮ್ಮಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಮೀನು. ದೇಶದ ಚೀಲದಲ್ಲಿ ತೆಂಗಿನೆಣ್ಣೆಗೆ ಇರುವ ಜಾಗ ಬಹಳ ಸಣ್ಣದು. ಹಾಗಾಗಿ 2025ರಲ್ಲಿ ಅದರ ದರ ಗಗನಕ್ಕೆ ಹೋದರೂ ದೇಶದ ಅಂಕಿ ಅಲುಗಲಿಲ್ಲ. ಕೇರಳದ ಚೀಲದಲ್ಲಿ ಅದಕ್ಕೆ ಜಾಗ ದೊಡ್ಡದು, ಅಲ್ಲಿನ ಅಂಕಿ ಮೇಲೆ ಹೋಯಿತು. ತಿಂಗಳ ಅಂಕಿ ಬರುವುದು ರಾಜ್ಯದ ಮಟ್ಟಕ್ಕೆ ಮಾತ್ರ. ಅಡುಗೆಯಲ್ಲಿ ಕೇರಳಕ್ಕೆ ಹತ್ತಿರವಾಗಿರುವ ನಾವು ಲೆಕ್ಕದಲ್ಲಿ ಕಲಬುರಗಿ, ವಿಜಯಪುರದ ಜೋಳದ ರೊಟ್ಟಿಯ ಜೊತೆ ಸೇರುತ್ತೇವೆ.

ದೋಸೆ ಮತ್ತು ಊಟದ ತಟ್ಟೆ

ಅರ್ಥಶಾಸ್ತ್ರಜ್ಞರು ಜನರ ಭಾಷೆಯಲ್ಲಿ ಹೇಳಿದ್ದೇ ಇಲ್ಲ ಎನ್ನುವಂತಿಲ್ಲ. ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ರಘುರಾಮ್ ರಾಜನ್ 2016ರ ಜನವರಿಯಲ್ಲಿ ಒಂದು ಉಪನ್ಯಾಸದಲ್ಲಿ ದೋಸೆಯ ಲೆಕ್ಕ ಹೇಳಿದ್ದರು. ದೋಸೆಗೆ 50 ರೂಪಾಯಿ ಇದ್ದರೆ ಒಂದು ಲಕ್ಷಕ್ಕೆ 2,000 ದೋಸೆ. ಬಡ್ಡಿ ಶೇ. 10, ಬೆಲೆ ಏರಿಕೆಯೂ ಶೇ. 10 ಆದರೆ ವರ್ಷದ ಮೇಲೆ 1,10,000 ರೂಪಾಯಿಗೆ 55ರ ದರದಲ್ಲಿ ಸಿಗುವುದು ಅದೇ 2,000 ದೋಸೆ. ಬಡ್ಡಿ ಶೇ. 8, ಏರಿಕೆ ಶೇ. 5.5 ಆದರೆ ಸುಮಾರು 2,047 ದೋಸೆ. ಬಡ್ಡಿ ಕಡಿಮೆಯಾದರೂ ಹೊಟ್ಟೆಗೆ ಲಾಭ ಎಂಬುದು ಅವರ ಪಾಠ.

ಬಡ್ಡಿ ಬೇಡವೆಂದು ದುಡ್ಡನ್ನು ಕಪಾಟಿನಲ್ಲಿ ಹಾಗೇ ಇಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರಿಗೆ ಈ ದೋಸೆ ಬೇರೆ ಪಾಠ ಹೇಳುತ್ತದೆ. ಬೆಲೆ ಶೇ. 10 ಏರಿದ ವರ್ಷ ಆ ಒಂದು ಲಕ್ಷಕ್ಕೆ ಸಿಗುವುದು 1,818 ದೋಸೆ. ಕಪಾಟಿನ ಬೀಗ ಮುರಿಯದೆ 182 ದೋಸೆ ಹೋಗಿರುತ್ತದೆ. ಹಣವನ್ನು ವ್ಯಾಪಾರಕ್ಕೋ ಜಾಗಕ್ಕೋ ಚಿನ್ನಕ್ಕೋ ಹಾಕುವ ಹಿರಿಯರ ರೂಢಿಯ ಹಿಂದೆ ಈ ಲೆಕ್ಕ ಇದೆ.

2019-20ರ ಕೇಂದ್ರದ ಆರ್ಥಿಕ ಸಮೀಕ್ಷೆ ಊಟದ ತಟ್ಟೆಯ ಲೆಕ್ಕ ತಂದಿತು. 2006-07ರಿಂದ 2019-20ರ ನಡುವೆ ಸಸ್ಯಾಹಾರಿ ಊಟ ಕೊಳ್ಳುವ ಶಕ್ತಿ ಶೇ. 29, ಮಾಂಸಾಹಾರಿ ಊಟದ್ದು ಶೇ. 18 ಹೆಚ್ಚಿದೆ ಎಂದಿತು. ಕೇಳಬೇಕಾದ ಪ್ರಶ್ನೆ, ಯಾರ ಕೂಲಿಯಲ್ಲಿ? ಅವರು ತೆಗೆದುಕೊಂಡದ್ದು ಕಾರ್ಖಾನೆ ಕಾರ್ಮಿಕರ ಸರಾಸರಿ ದಿನಗೂಲಿ. ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸಿನ ಸಂಪಾದನೆ ಅಲ್ಲ.

ಕೆಲಸ ಇದೆ, ಸಂಬಳ?

ಉದ್ಯೋಗದ ಅಂಕಿಗೂ ಇದೇ ಪ್ರಶ್ನೆ ಕೇಳಬೇಕು. ಸರ್ಕಾರದ ಸಮೀಕ್ಷೆ ಪ್ರಕಾರ 2017-18ರಲ್ಲಿ ಶೇ. 6.1 ಇದ್ದ ನಿರುದ್ಯೋಗ 2023-24ರಲ್ಲಿ ಶೇ. 3.2ಕ್ಕೆ ಇಳಿದಿದೆ. ದುಡಿಮೆಗೆ ಇಳಿದ ಹೆಂಗಸರ ಪಾಲು ಶೇ. 23.3ರಿಂದ 41.7ಕ್ಕೆ ಏರಿದೆ. ಕೇಳಲು ಖುಷಿಯ ವಿಷಯ. ಆದರೆ ವಾರದ ಲೆಕ್ಕದಲ್ಲಿ ಒಂದು ದಿನ ಒಂದು ಗಂಟೆ ದುಡಿದವನೂ ಉದ್ಯೋಗಿ. ಬಾಪನ ಅಂಗಡಿಯಲ್ಲಿ ಸಂಬಳ ಇಲ್ಲದೆ ಕೂರುವ ಮಗನೂ ಉದ್ಯೋಗಿ. ಎಲೆ, ಹೊಗೆಸೊಪ್ಪು ತಂದು ಮನೆಯಲ್ಲೇ ಬೀಡಿ ಕಟ್ಟುವವರು ಸ್ವಯಂ ಉದ್ಯೋಗಿಗಳ ಸಾಲಿಗೆ ಸೇರುತ್ತಾರೆ. ಇಂಥ ಸ್ವಯಂ ಉದ್ಯೋಗಿಗಳೇ ದುಡಿಯುವವರಲ್ಲಿ ಶೇ. 58.4. ಇನ್ನು ದುಬೈಯಲ್ಲೋ ರಿಯಾದ್‌ನಲ್ಲೋ ಇರುವ ಮಗ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಅವನು ಕಳಿಸುವ ಹಣ ಮಾತ್ರ ದೇಶದ ಲೆಕ್ಕದಲ್ಲಿದೆ. ಯುಎಇ ದಿರ್ಹಂ 1997ರಿಂದ ಒಂದು ಡಾಲರ್‌ಗೆ 3.6725 ಎಂದು ಕಟ್ಟಿಹಾಕಲ್ಪಟ್ಟಿದೆ. ಸೌದಿ ರಿಯಾಲ್ 1986ರಿಂದ 3.75. ಹಾಗಾಗಿ ರೂಪಾಯಿ ಡಾಲರ್ ಎದುರು ಬಿದ್ದರೆ ದಿರ್ಹಂ ಎದುರೂ ಬಿದ್ದಂತೆ. 2013ರ ಆರಂಭದಲ್ಲಿ ಡಾಲರ್ 55 ರೂಪಾಯಿಯ ಹತ್ತಿರ ಇದ್ದಾಗ ಸಾವಿರ ದಿರ್ಹಂಗೆ ಸುಮಾರು 15,000 ರೂಪಾಯಿ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿದಾಗ ಅದು 24,500 ಆಯಿತು. ಎಷ್ಟೋ ಮನೆಗಳಲ್ಲಿ ಇದಕ್ಕೆ ಖುಷಿಪಟ್ಟಿದ್ದಾರೆ. ಆದರೆ ನಮ್ಮ ದೇಶ ಪೆಟ್ರೋಲಿಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು, ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ತರಿಸುತ್ತದೆ. ರೂಪಾಯಿ ಬಿದ್ದರೆ ಅದೆಲ್ಲ ದುಬಾರಿ. ಗಲ್ಫ್‌ನಲ್ಲಿ ಯಾರೂ ಇಲ್ಲದ ಮನೆಗೆ ಲಾಭ ಇಲ್ಲ, ಏರಿದ ದರ ಮಾತ್ರ ಉಂಟು.

ಗೊತ್ತಿದ್ದರೆ ಏನು ಪ್ರಯೋಜನ?

ಪ್ರಯೋಜನ ಇದೆ. ಬೀಡಿ ಕಾರ್ಮಿಕರ ಕನಿಷ್ಠ ಕೂಲಿಗೆ ಸೇರುವ ತುಟ್ಟಿಭತ್ಯೆ ನಿಂತಿರುವುದು ಬೆಲೆ ಸೂಚ್ಯಂಕದ ಮೇಲೆ. ಸೂಚ್ಯಂಕ ಏರಿದರೆ ಸಾವಿರ ಬೀಡಿಗೆ ಸಿಗುವ ಮಜೂರಿಯೂ ಏರಬೇಕು. ಅದು ಎಷ್ಟು ಏರಬೇಕಿತ್ತು, ಎಷ್ಟು ಏರಿತು ಎಂದು ಬ್ರಾಂಚ್‌ನಲ್ಲಿ ಕೇಳಬೇಕಾದರೆ ಈ ಅಂಕಿ ಏನೆಂದು ಗೊತ್ತಿರಬೇಕು.

ಲೆಕ್ಕ ತಪ್ಪಿದರೆ ದೊಡ್ಡವರೂ ಉತ್ತರ ಕೊಡಬೇಕು ಎಂಬ ಕಾನೂನು ಇದೆ. ಹಣದುಬ್ಬರವನ್ನು ಶೇ. 4ರಲ್ಲಿ, ಹೆಚ್ಚೆಂದರೆ 6ರ ಒಳಗೆ ಇಡುವುದು ರಿಸರ್ವ್ ಬ್ಯಾಂಕಿನ ಹೊಣೆ. 2022ರಲ್ಲಿ ಸತತ ಒಂಬತ್ತು ತಿಂಗಳು ಅದು 6ಕ್ಕಿಂತ ಮೇಲೇ ಇದ್ದಾಗ ಬ್ಯಾಂಕು ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕಾಯಿತು. ಆ ಪತ್ರವನ್ನು ಮಾತ್ರ ಜನರಿಗೆ ತೋರಿಸಲಿಲ್ಲ. ದರ ಕೊಟ್ಟವರು ಜನ, ವಿವರಣೆ ಸಿಕ್ಕಿದ್ದು ಸರ್ಕಾರಕ್ಕೆ.

ಹಾಗಾದರೆ ನಮ್ಮ ಲೆಕ್ಕ ನಾವೇ ಇಡೋಣ. ಮನೆಗೆ ತಪ್ಪದೆ ತರುವ ಹತ್ತು ಸಾಮಾನು ಬರೆಯಿರಿ: ಕುಚ್ಚಲಕ್ಕಿ, ಪತ್ತಿರ್‌ಗೆ ಬೇಕಾದ ಬೆಳ್ತಿಗೆ ಅಕ್ಕಿ, ತೆಂಗಿನೆಣ್ಣೆ, ಮೀನು, ಕೋಳಿ, ಹಾಲು, ನೀರುಳ್ಳಿ, ಗ್ಯಾಸ್, ಬಸ್ಸಿನ ಟಿಕೆಟ್, ಔಷಧಿ. ಈ ತಿಂಗಳ ಒಟ್ಟು ಖರ್ಚು ಒಂದು ಕಡೆ. ಮುಂದಿನ ವರ್ಷ ಇದೇ ತಿಂಗಳು, ಅಷ್ಟೇ ಸಾಮಾನಿಗೆ ಆದ ಖರ್ಚು ಇನ್ನೊಂದು ಕಡೆ. ಹೆಚ್ಚಾದ ಮೊತ್ತವನ್ನು ಮೊದಲಿನದರಿಂದ ಭಾಗಿಸಿ ನೂರರಿಂದ ಗುಣಿಸಿ. ಕಾಲೇಜಿಗೆ ಹೋಗುವ ಮಗಳು ಐದು ನಿಮಿಷದಲ್ಲಿ ಮಾಡಿ ಕೊಡುತ್ತಾಳೆ. ಬರುವ ಅಂಕಿಯೇ ನಿಮ್ಮ ಮನೆಯ ಹಣದುಬ್ಬರ. ಮನೆಯ ಸಂಪಾದನೆ ಅಷ್ಟು ಶೇಕಡಾ ಏರಿದೆಯೇ ಎಂದು ಪಕ್ಕದಲ್ಲೇ ಬರೆದಿಡಿ. ಏರಿಲ್ಲವಾದರೆ ದಿಲ್ಲಿಯ ಅಂಕಿ ಏನೇ ಹೇಳಲಿ, ಆ ಮನೆ ಈ ವರ್ಷ ಹಿಂದೆ ಬಿದ್ದಿದೆ.